ಒಂದೇ ಉಸಿರಿನ ಲೆಕ್ಕ

ನಮ್ಮ ಮನೆಯ ಕಂಪ್ಯೂಟರು ಕೆಟ್ಟಿರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ಕಂಡಕಂಡವರೆಲ್ಲ ಅದು ಕೆಟ್ಟಿದೆ ಎಂದು ನನ್ನ ಕಿವಿಯಲ್ಲಿ ಊದಿದರು. ಸಹಾಯವಾಣಿಯವರು ಹೇಳಿದರು, ರಿಪೇರಿಯವನು ಹೇಳಿದ, ನನ್ನ ಗಂಡನಂತೂ ಊಟಕ್ಕೊಮ್ಮೆ ಹೇಳಿದರು. ಹೇಳಲಿ. ನಾನು ಹೈಸ್ಕೂಲಿನ ಗಣಿತದ ಅಕ್ಕೋರು. ಉತ್ತರ ತಪ್ಪಾದರೆ ಪೆನ್ನಿಗೆ ಬಯ್ಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ಅದರ ರೋಗ ಇಷ್ಟೇ. ಹಗುರ ಕೆಲಸ ಕೊಡಿ, ದಿನವಿಡೀ ನಡೆಯುತ್ತಿತ್ತು. ಪ್ರಶ್ನೆಪತ್ರಿಕೆ ಟೈಪು ಮಾಡಿ, ಹಾಡು ಕೇಳಿ, ಏನೂ ತಕರಾರಿಲ್ಲ. ಸ್ವಲ್ಪ ಭಾರದ ಕೆಲಸ ಹೇರಿದಿರೋ, ಒಳಗಿನ ಫ್ಯಾನು ಜೋರಾಗಿ ತಿರುಗುತ್ತಿತ್ತು, ಕಾಲು ಗಂಟೆಯೊಳಗೆ ಪರದೆ ಕಪ್ಪಾಗುತ್ತಿತ್ತು, ಮತ್ತೆ ತನ್ನಷ್ಟಕ್ಕೆ ತಾನೇ ಮೊದಲಿನಿಂದ ಶುರುವಾಗುತ್ತಿತ್ತು. ಯಾಕೆ ನಿಂತೆ ಎಂದು ಒಂದು ಸಾಲಿನ ವಿವರಣೆಯೂ ಇಲ್ಲ. ಪರೀಕ್ಷೆಯಲ್ಲಿ ಹಾಳೆ ಹರಿದುಹಾಕಿ ಹೊಸ ಹಾಳೆ ಕೇಳುವ ಹುಡುಗನ ಹಾಗೆ ಮುಖ ಮಾಡಿಕೊಂಡು ನಿಲ್ಲುತ್ತಿತ್ತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ನಮ್ಮ ಸೀಮೆಗೆ ವಾರಗಟ್ಟಲೆ ಕರೆಂಟು ಹೋದ ಬೇಸಿಗೆಯನ್ನು ನಾವು ದೊಡ್ಡ ಕತ್ತಲೆ ಎನ್ನುತ್ತೇವೆ. ಅದಾದ ಮೇಲೆ ಮನೆಮನೆಗೂ ಜಾಣ ಮೀಟರು ಬಂತು, ಊರಿಗೊಂದು ಲೆಕ್ಕಭವನ ಎದ್ದಿತು. ಭಾರದ ಲೆಕ್ಕವೆಲ್ಲ ಲೆಕ್ಕಭವನದ ದೊಡ್ಡ ಯಂತ್ರಗಳಲ್ಲಿ ನಡೆಯಲಿ, ಮನೆಯಲ್ಲಿ ಹಗುರದ್ದು ಸಾಕು ಎಂದು ಸರ್ಕಾರ ಸಲಹೆ ಕೊಟ್ಟಿತು. ಸಲಹೆಯಷ್ಟೇ, ಕಾನೂನು ಏನೂ ಬರಲಿಲ್ಲ. ಮನೆಯ ಕಂಪ್ಯೂಟರುಗಳು ಮಾತ್ರ ಒಂದೊಂದಾಗಿ ಭಾರ ಹೊರಲಾರದೆ ಹೀಗೆ ಬೀಳತೊಡಗಿದವು.

ಮಂದಿ ಹೊಂದಿಕೊಂಡರು. ನಮ್ಮ ಮಂದಿ ಹೊಂದಿಕೊಳ್ಳುವುದರಲ್ಲಿ ಬಲು ಗಟ್ಟಿ, ನನಗೆ ಸಿಟ್ಟು ಬರುವುದೇ ಅದಕ್ಕೆ. ಮದುವೆಯ ವಿಡಿಯೋ ಮಾಡುವವರು ತಾಳಿಯದೊಂದು ತುಣುಕು, ಅಕ್ಷತೆಯದೊಂದು ತುಣುಕು ಎಂದು ಹರಿದು ಹರಿದು ಕೊಟ್ಟರು. ಯಂತ್ರ ನಿಂತು ಶುರುವಾದರೆ ‘ಕಣ್ಣು ಮಿಟುಕಿಸಿತು’ ಎನ್ನುವ ಮಾತು ಹುಟ್ಟಿಕೊಂಡಿತು. ನನ್ನ ಶಾಲೆಯ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ದೊಡ್ಡದೇನನ್ನೂ ಯೋಚಿಸುವುದನ್ನೇ ಬಿಟ್ಟರು. “ಅಷ್ಟ್ ದೊಡ್ಡದು ಮಾಡಿದ್ರ ಕಣ್ಣ ಮಿಟಿಕಸ್ತೈತ್ರಿ ಅಕ್ಕೋರ,” ಎನ್ನುತ್ತಿದ್ದರು. ಹದಿಮೂರು ವರ್ಷದ ಮಕ್ಕಳು ಯಂತ್ರಕ್ಕೆ ಅಂಜಿ ತಮ್ಮ ತಲೆಯನ್ನು ಗಿಡ್ಡ ಮಾಡಿಕೊಳ್ಳುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಆ ಚಳಿಗಾಲ ನಮ್ಮ ಗಾಣಿಗೇರ ಓಣಿಯ ಗೋಡೆಗಳಿಗೆ ಜಲಯೋಜನಾ ಪ್ರಾಧಿಕಾರದವರು ನೋಟಿಸು ಅಂಟಿಸಿ ಹೋದರು. ಮುಂದಿನ ಮಳೆಗಾಲಗಳಲ್ಲಿ ನಾಲೆ ಉಕ್ಕಿ ನಮ್ಮ ಓಣಿ ಆಳೆತ್ತರ ಮುಳುಗುತ್ತದೆಂದು ಲೆಕ್ಕಭವನ ಲೆಕ್ಕ ಹಾಕಿದೆಯಂತೆ. ಹಾಗಾಗಿ ಓಣಿ ಖಾಲಿ ಮಾಡಬೇಕು, ಎಲ್ಲರಿಗೂ ಊರಾಚೆಯ ಗುಡ್ಡದ ಹಿಂದೆ ಗೂಡು ಕಟ್ಟಿ ಕೊಡುತ್ತಾರೆ. ಆಕ್ಷೇಪಣೆ ಇದ್ದವರು ಬರಬಹುದು. ಆದರೆ ಬಾಯಿಮಾತಿನ ಆಕ್ಷೇಪಣೆ ನಡೆಯದು, ಲೆಕ್ಕಕ್ಕೆ ಲೆಕ್ಕವನ್ನೇ ತರಬೇಕು. ನೀರು ಹರಿಯುವ ಲೆಕ್ಕ ಮಾಡುವ ಸಾಫ್ಟ್‌ವೇರನ್ನೂ ಅವರೇ ಪುಕ್ಕಟೆ ಕೊಟ್ಟರು. ಅದರಲ್ಲೊಂದು ಕೊಕ್ಕೆ. ಲೆಕ್ಕ ಮೊದಲಿಂದ ಕೊನೆಯ ತನಕ ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಮುಗಿದರೆ ಮಾತ್ರ ಅದು ಕೊನೆಗೆ ಪ್ರಾಧಿಕಾರದ ಮುದ್ರೆ ಒತ್ತುತ್ತದೆ. ನಡುವೆ ಯಂತ್ರ ನಿಂತರೆ ಎಲ್ಲ ಮೊದಲಿನಿಂದ. ಮನೆಯ ಕಂಪ್ಯೂಟರಿಗೆ ಆ ಲೆಕ್ಕ ಅರ್ಧ ದಿನದ ಕೆಲಸ.

ಲೆಕ್ಕಭವನದಲ್ಲೇ ಮಾಡಿಸೋಣ ಎಂದು ಹೋದೆ. ನಿಮ್ಮ ಸರದಿ ಯುಗಾದಿ ಕಳೆದ ಮೇಲೆ ಬರುತ್ತದೆ ಎಂದರು. ಆಕ್ಷೇಪಣೆಯ ವಿಚಾರಣೆ ಇದ್ದದ್ದು ಯುಗಾದಿಗೆ ಮೂರು ತಿಂಗಳು ಮೊದಲೇ ಬರುವ ಎಳ್ಳಮಾಸಿ ಹಬ್ಬದ ಮರುದಿನ. ಹುಚ್ಚು ಬಿಡುವ ತನಕ ಮದುವೆ ಇಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ!

ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕುಳಿತೆ.

ನನ್ನ ಗಂಡ ಗುರುಪಾದಪ್ಪ ಶಕ್ತಿ ನಿಗಮದ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುತ್ತಾರೆ. ಊರಿನ ಕರೆಂಟಿನ ಹರಿವು ನೋಡುವುದು, ದೂರು ಬಂದರೆ ಉತ್ತರ ಕೊಡುವುದು ಅವರ ಪಾಲಿನದು. ಮನುಷ್ಯ ಬಂಗಾರ, ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯ ಪಾಲಿನ ದನಿಯನ್ನೂ ನಾನೇ ಎತ್ತುತ್ತೇನೆ.

“ಧೂಳು ಕುಂತಿರ್ತೈತಿ ನೋಡು,” ಎಂದರು ಚಹಾ ಹೀರುತ್ತ. “ದಿನಾ ಇಂಥಾ ದೂರು ಭಾಳ ಬರ್ತಾವು. ಧೂಳು, ಇಲ್ಲಾ ಶಾಖ, ಇಲ್ಲಾ ಹಳೇ ಮಷೀನು. ಇಷ್ಟ.”

ಸರಿ, ಧೂಳಿನಿಂದಲೇ ಶುರು ಮಾಡಿದೆ. ಪೆಟ್ಟಿಗೆ ಬಿಚ್ಚಿ ಬ್ರಷ್ಷಿನಿಂದ ಝಾಡಿಸಿದೆ. ಮೇಲೆ ಹೊದಿಸಿದ್ದ ಕಸೂತಿಯ ಬಟ್ಟೆಯನ್ನು ಕಿತ್ತೆಸೆದೆ. ಆಯುಧಪೂಜೆಯ ದಿನ ಬಳಿದಿದ್ದ ವಿಭೂತಿ ಗಾಳಿಕಿಂಡಿಯಲ್ಲಿ ಗಟ್ಟಿಯಾಗಿ ಕುಳಿತಿತ್ತು, ಅದನ್ನೂ ಕೆರೆದೆ. ಯಂತ್ರ ತಣ್ಣಗಿತ್ತು. ಲೆಕ್ಕ ಹಚ್ಚಿದೆ, ಕಾಲು ಗಂಟೆಗೆ ಕಣ್ಣು ಮಿಟುಕಿಸಿತು. ಟೇಬಲ್ ಫ್ಯಾನನ್ನೇ ತಂದು ಅದರ ಮೂತಿಗೆ ಹಿಡಿದೆ, ಮುಟ್ಟಿದರೆ ಮಂಜಿನಂತಿತ್ತು, ಆದರೂ ಮಿಟುಕಿಸಿತು. ಅಂದರೆ ಶಾಖವಲ್ಲ. ಮೆಮೊರಿಯ ಪಟ್ಟಿಗಳನ್ನು ಒಂದೊಂದೇ ತೆಗೆದು, ಅದಲುಬದಲು ಮಾಡಿ ನೋಡಿದೆ. ಅದಲ್ಲ. ಸಾಫ್ಟ್‌ವೇರನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದೆ. ಅದೂ ಅಲ್ಲ. ಕರೆಂಟು ಹಂಚುವ ಒಳಗಿನ ಡಬ್ಬಿಯೇ ಸೋತಿರಬೇಕೆಂದು ಶಾಲೆಯಿಂದ ಹೊಸದನ್ನು ತಂದು ಕೂಡಿಸಿದೆ. ಕಾಲು ಗಂಟೆಯ ಬದಲು ಹದಿನಾರು ನಿಮಿಷ ನಡೆಯಿತು, ಪುಣ್ಯಾತ್ಮ.

“ಹೊಸಾದ್ ತಗೊಂಡ್ರ ಆತಪ,” ಎಂದರು ಗಂಡ.

“ಪಕ್ಕದ ಮನೀದು ಹೊಸಾದ ಐತಿ. ಅದೂ ಹಿಂಗ ಮಾಡ್ತೈತಿ. ಅದಕ್ಕೂ ಧೂಳೇನ್ರಿ?”

ಅವರು ಪೇಪರಿನ ಹಿಂದೆ ಹೋದರು.

ಅಂದು ನನಗೊಂದು ಬುದ್ಧಿ ಹೊಳೆಯಿತು. ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ, ಬರೀ ಇನ್ವರ್ಟರ್ ಬ್ಯಾಟರಿಯ ಮೇಲೆ ಲೆಕ್ಕ ಹಚ್ಚಿದೆ. ಕಾಲು ಗಂಟೆ ದಾಟಿತು. ಅರ್ಧ ಗಂಟೆ ದಾಟಿತು. ಯಂತ್ರ ಗಾಣದೆತ್ತಿನ ಹಾಗೆ ತಲೆ ತಗ್ಗಿಸಿ ತಿರುಗುತ್ತಲೇ ಇತ್ತು. ಕೊನೆಗೆ ಮುದಿ ಬ್ಯಾಟರಿ ಜೀವ ಬಿಟ್ಟಿತೇ ಹೊರತು ಕಂಪ್ಯೂಟರು ಸೋಲಲಿಲ್ಲ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೆವಲ್ಲ ಇಷ್ಟು ದಿನ! ರೋಗ ಯಂತ್ರದಲ್ಲಿ ಇರಲಿಲ್ಲ. ಹೊರಗಿನಿಂದ ಬರುವ ಕರೆಂಟಿನಲ್ಲಿತ್ತು.

ಬೇರೆ ಕರೆಂಟಿನ ಮೇಲೆ ಹಚ್ಚಿ ನೋಡಬೇಕಿತ್ತು. ಓಣಿಯ ಮೂಲೆಯಲ್ಲಿ ದಾವಲಸಾಬನ ಹಿಟ್ಟಿನ ಗಿರಣಿ ಇದೆ. ಕಂಪ್ಯೂಟರನ್ನು ಸೊಂಟದ ಮೇಲೆ ಕೊಡದಂತೆ ಹೊತ್ತುಕೊಂಡು ಹೋದೆ.

“ಇದನ್ನೂ ಬೀಸಬೇಕೇನ್ರಿ ಅಕ್ಕೋರ?” ಎಂದ ದಾವಲಸಾಬ, ಹುಬ್ಬಿನ ತುಂಬ ಜೋಳದ ಹಿಟ್ಟು.

“ನಿನ್ನ ನಾಲಿಗೀನ ಮೊದಲು ಬೀಸ್ಕೋ. ಒಂದು ಪ್ಲಗ್ ಕೊಡು.”

ಗಿರಣಿಯ ಕಲ್ಲು ಧಡಧಡ ತಿರುಗುತ್ತಿತ್ತು. ಮೂಲೆಯಲ್ಲಿ ನನ್ನ ಲೆಕ್ಕವೂ ನಡೆಯಿತು. ಮಂದಿ ಡಬ್ಬಿ ಇಟ್ಟರು, ಹಿಟ್ಟು ಒಯ್ದರು, ಜೋಳದ ಮೇಲೆ ಗೋಧಿ ಹಾಕಿದನೆಂದು ಒಬ್ಬಾಕೆ ಜಗಳ ತೆಗೆದಳು. ನನ್ನ ಕಂಪ್ಯೂಟರು ಒಮ್ಮೆಯೂ ಮಿಟುಕಿಸಲಿಲ್ಲ. ಗಿರಣಿಯ ಲೈನೇ ಬೇರೆ, ಅದಕ್ಕೇ ಹೀಗೆ ಎಂದುಕೊಂಡೆ. ಮಧ್ಯಾಹ್ನ ದಾವಲಸಾಬ ಊಟಕ್ಕೆಂದು ಕಲ್ಲು ನಿಲ್ಲಿಸಿದ. ಅವನು ಎರಡನೆಯ ರೊಟ್ಟಿ ಮುರಿಯುವುದರೊಳಗೆ ಪರದೆ ಕಪ್ಪಾಯಿತು.

ಮತ್ತೆ ಕಲ್ಲು ಹಚ್ಚಿಸಿದೆ, ಮತ್ತೆ ಲೆಕ್ಕ ಹಚ್ಚಿದೆ. ಕಲ್ಲು ತಿರುಗುವಷ್ಟು ಹೊತ್ತು ಯಂತ್ರಕ್ಕೆ ಏನೂ ಆಗಲಿಲ್ಲ. ಕಲ್ಲು ನಿಂತು ಸ್ವಲ್ಪ ಹೊತ್ತಿಗೇ ಯಂತ್ರವೂ ಬಿತ್ತು. ಲೈನು ಅದೇ, ಪ್ಲಗ್ಗೂ ಅದೇ. ಬೇರೆಯಾದದ್ದು ಗದ್ದಲವೊಂದೇ.

ಮರುದಿನ ಗಂಡನ ಬುತ್ತಿ ಹಿಡಿದು ನಾನೇ ನಿಯಂತ್ರಣ ಕೊಠಡಿಗೆ ಹೋದೆ. ಎದುರು ಗೋಡೆಯ ತುಂಬ ಊರಿನ ನಕಾಶೆ, ಮನೆಗೊಂದು ಚುಕ್ಕಿ. ಅವರಿಗೆ ಹಿಗ್ಗು, ಹೆಂಡತಿ ತನ್ನ ಕೆಲಸ ನೋಡಲು ಬಂದಿದ್ದಾಳಲ್ಲ ಎಂದು. ತೋರಿಸಿದ್ದೇ ತೋರಿಸಿದ್ದು.

“ಪ್ರತಿಯೊಂದಕ್ಕೂ ಅದರದ ಒಂದು ರಾಗ ಇರ್ತೈತಿ ಕರೆಂಟಿನ್ಯಾಗ. ಇದು ಫ್ರಿಜ್ಜು. ಇದು ನೀರಿನ ಮೋಟರು. ಮೀಟರು ಅದನ್ನ ಕೇಳಿ ಇಂಥಾದ್ದು ಅಂತ ಗುರ್ತು ಹಿಡಿತೈತಿ.”

“ಈ ಚುಕ್ಕಿ ಮಗ್ಗಲಕ್ಕ ‘ಸೌಮ್ಯ’ ಅಂತ ಬಂದು ಹೋತಲ್ಲ, ಅದೇನ್ರಿ?”

“ಸೌಮ್ಯ ಸಮತೋಲನ. ಭಾಳ ಹೊತ್ತು ಭಾರ ಬಿದ್ರ ಮೀಟರು ಒಂದು ರೆಪ್ಪಿ ಹೊಡಿಯೋವಷ್ಟು ಹೊತ್ತು ಕರೆಂಟ್ ತಡಿತೈತಿ. ದೊಡ್ಡ ಕತ್ತಲಿ ಮತ್ತ ಬರಬಾರದು ಅಂತ. ಫ್ಯಾನಿಗೆ ಗೊತ್ತಾಗೂದಿಲ್ಲ, ದೀಪಕ್ಕ ಗೊತ್ತಾಗೂದಿಲ್ಲ.”

“ಕಂಪ್ಯೂಟರಿಗೆ?”

“ಅದಕ್ಕೂ ಗೊತ್ತಾಗೂದಿಲ್ಲ. ಒಳಗಿನ ಡಬ್ಬ್ಯಾಗ ಚೂರು ಕರೆಂಟ್ ಕೂಡಿಟ್ಟಿರ್ತೈತಿ, ಆ ಹೊತ್ತಿಗೆ ಅದು ಸಾಲ್ತೈತಿ.”

“ಸುಮ್ನ ಕುಂತಾಗ ಸಾಲ್ತೈತಿ,” ಎಂದೆ. “ದುಡಿಯೂಮುಂದ?”

ಖಾಲಿ ಕುಳಿತವನಿಗೆ ಒಂದು ತುತ್ತು ಸಂಜೆಯವರೆಗೆ ಬರುತ್ತದೆ, ಮೂಟೆ ಹೊತ್ತವನಿಗೆ ಅದೇ ತುತ್ತು ಗಳಿಗೆಯಲ್ಲಿ ಕರಗುತ್ತದೆ. ಭಾರದ ಲೆಕ್ಕ ಮಾಡುತ್ತಿರುವ ಯಂತ್ರಕ್ಕೆ ಆ ಕೂಡಿಟ್ಟ ಚೂರು ಒಂದು ರೆಪ್ಪೆಯ ಹೊತ್ತಿಗೂ ಸಾಲದು.

“ನೀರಿನ ಮೋಟರು ಕಂಪ್ಯೂಟರಿಗಿಂತ ಹೆಚ್ಚು ಕರೆಂಟ್ ತಿಂತೈತಿ. ಅದರ ಮಗ್ಗಲಕ್ಕ ಸೌಮ್ಯ ಬರ್ಲೇ ಇಲ್ಲ, ಯಾಕ್ರಿ?”

ಅವರು ಗೋಡೆಯನ್ನೇ ನೋಡಿದರು. “ಯಾವುದಕ್ಕ ಹೊಡಿಬೇಕು ಅನ್ನೂದು ಲೆಕ್ಕಭವನದಿಂದ ಬರ್ತೈತಿ,” ಎಂದರು ಮೆಲ್ಲಗೆ. “ನಾವು ಬರೇ ನೋಡಾವ್ರು.”

“ನೋಡಾವ್ರು! ವರ್ಷಗಟ್ಟಲೆ ಮಂದಿಗೆ ಧೂಳು ಒರಸ್ರಿ, ಧೂಳು ಒರಸ್ರಿ ಅಂತ ಹೇಳ್ಕೋತ ಕುಂತೀರಿ!”

“ನನಗೂ ಗೊತ್ತಿರಲಿಲ್ಲ ಚಂಪಾ.” ಆಮೇಲೆ ಅತ್ತಿತ್ತ ನೋಡಿ, “ನನ್ನ ನೌಕರಿ ಐತಿ. ನೀ ಏನೂ ಕೇಳಿಲ್ಲ, ನಾ ಏನೂ ಹೇಳಿಲ್ಲ,” ಎಂದರು.

ಬುತ್ತಿಯನ್ನು ಟೇಬಲ್ಲಿನ ಮೇಲೆ ಕುಕ್ಕಿ ಬಂದೆ. ಆಮೇಲೆ ಮನೆಯಲ್ಲಿ ಉಪ್ಪು ಬೇಕೇ ಬೇಡವೇ ಎಂಬುದನ್ನು ಬಿಟ್ಟು ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಆದರೆ ದಾರಿ ಗೊತ್ತಾಗಿತ್ತು. ಗಿರಣಿಯ ಮೋಟರಿನ ಗದ್ದಲ ಅದೇ ಲೈನಿನಲ್ಲಿ ಬೆರೆತರೆ ಮೀಟರಿಗೆ ಕಂಪ್ಯೂಟರಿನ ರಾಗ ಕೇಳಿಸುವುದಿಲ್ಲ, ಕೇಳಿಸದಿದ್ದರೆ ಹೊಡೆಯುವುದಿಲ್ಲ. ಅರ್ಧ ದಿನ ಎಡೆಬಿಡದೆ ಕಲ್ಲು ತಿರುಗಿಸುತ್ತೀಯಾ ಎಂದು ದಾವಲಸಾಬನನ್ನು ಕೇಳಿದೆ. “ನನ್ನ ಗಿರಣೀನೂ ಇದ ಓಣ್ಯಾಗ ಐತ್ರಿ ಅಕ್ಕೋರ. ಕಲ್ಲು ಸವದು ಹಪ್ಪಳಾಗ್ಲಿ, ತಿರುಗಸ್ತೀನಿ,” ಎಂದ. ಮೊದಲು ಓಣಿಯ ನೆಲದ ಏರು ತಗ್ಗು, ನಾಲೆಯ ಅಗಲ ಆಳ, ಅದರ ದಾರಿಯಲ್ಲೆದ್ದ ಲೆಕ್ಕಭವನದ ಹೊಸ ಗೋಡೆ ಎಲ್ಲ ಅಳೆದು ತುಂಬಬೇಕಿತ್ತು. ಓಣಿಯವರೆಲ್ಲ ಟೇಪು, ಹಗ್ಗ, ನೀರಿನ ಪೈಪು ಹಿಡಿದು ಇಳಿದರು. ಆ ಕೆಲಸ ಮುಗಿಯುವ ಹೊತ್ತಿಗೆ ವಿಚಾರಣೆಗೆ ಒಂದೇ ದಿನ ಉಳಿದಿತ್ತು.

ಆ ದಿನ ಬೆಳಗ್ಗೆ ಕಂಪ್ಯೂಟರು ಹೊತ್ತು ಗಿರಣಿಗೆ ಹೋದರೆ, ಗಿರಣಿಯ ಕಲ್ಲು ಬಿಚ್ಚಿ ಅಂಗಳದಲ್ಲಿ ಬಿದ್ದಿದೆ! ಉಳಿ ಹಿಡಿದ ಒಬ್ಬ ಅದರ ಸವೆದ ಹಲ್ಲುಗಳನ್ನು ಹೊಸದಾಗಿ ಕಡಿಯುತ್ತ ಕುಳಿತಿದ್ದಾನೆ.

“ಏನ್ ಮಾಡಿದ್ಯೋ ದಾವಲಸಾಬ!”

“ಇವತ್ತು ಎಳ್ಳಮಾಸಿ ಅಲ್ರೀ,” ಎಂದ ಅವನು ಕಣ್ಣು ಪಿಳಿಪಿಳಿಸಿ. “ಅಮಾಸಿಗೆ ಗಿರಣಿ ಬಂದ್. ಯಾರೂ ಕಾಳು ತರೂದಿಲ್ಲ ಅಂತ ನಮ್ಮಪ್ಪನ ಕಾಲದಿಂದ ಕಲ್ಲು ಕಡಿಸೂದು ಅವತ್ತ. ನಿಮಗ ಗೊತ್ತಿಲ್ಲೇನು?”

“ನಾಳೆ ವಿಚಾರಣಿ ಅಂತ ನಿನಗ ಗೊತ್ತಿಲ್ಲೇನು? ಮೊದ್ಲ ಹೇಳಬಾರದ?”

“ಎಲ್ಲಾರಿಗೂ ಗೊತ್ತಿರೂದನ್ನ ಯಾರು ಹೇಳ್ತಾರ್ರಿ?”

ಹೌದು, ತಪ್ಪು ಇಬ್ಬರದೂ. ಎಳ್ಳಮಾಸಿಯ ಮರುದಿನ ವಿಚಾರಣೆ ಎಂದು ದಿನವೂ ಜಪಿಸಿದವಳು, ಅದರ ಹಿಂದಿನ ದಿನ ಎಳ್ಳಮಾಸಿ ಎಂಬುದನ್ನೇ ಮರೆತಿದ್ದೆ. ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅಳು ಬಂತು. ಅಳುವುದಕ್ಕೂ ಸಿಟ್ಟು ಬಂತು.

ಕುಳಿತಲ್ಲೇ ಕಿವಿಗೆ ಬಿತ್ತು, ಓಣಿಯ ತುಂಬ ಮಿಕ್ಸಿಯ ಸಪ್ಪಳ. ಎಳ್ಳಮಾಸಿಯೆಂದರೆ ನಮ್ಮ ಕಡೆ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು, ಚರಗ ಎಂದು ಎಡೆಯನ್ನು ಬೆಳೆಗೆ ಚೆಲ್ಲಲು ಹೋಗುತ್ತಾರೆ, ಹೊಲ ಇಲ್ಲದ ನಮ್ಮ ಓಣಿಯವರು ಮಾಳಿಗೆ ಏರಿ ಉಣ್ಣುತ್ತಾರೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂದು ಬಗೆಬಗೆಯ ಚಟ್ನಿಪುಡಿಗೆ ಪ್ರತಿ ಮನೆಯ ಮಿಕ್ಸಿಯೂ ಬೆಳಗ್ಗೆಯಿಂದ ಕಿರುಚುತ್ತಿರುತ್ತದೆ. ಗಿರಣಿಯ ಮೋಟರು ಮಾಡುವ ಗದ್ದಲವನ್ನು ಮಿಕ್ಸಿ ಮಾಡಲಾರದೇ? ಅದರ ಸಪ್ಪಳಕ್ಕೆ ನನ್ನ ತಲೆಯೇ ಕೆಡುತ್ತದೆ, ಮೀಟರಿನ ತಲೆ ಕೆಡುವುದಿಲ್ಲವೇ?

ಎದ್ದು ಓಡಿದೆ. ಓಣಿಯ ಹಿರಿಯಳಾದ ತಾಯವ್ವನ ಬಾಗಿಲಿಗೆ ಹೋಗಿ, ಎಲ್ಲರೂ ಇವತ್ತಿನ ಹಿಂಡಿಯನ್ನು ನಮ್ಮ ಮನೆಗೇ ಬಂದು ಕುಟ್ಟಬೇಕು, ಒಂದು ಮಿಕ್ಸಿ ಬಿಸಿಯಾಗಿ ನಿಲ್ಲುವ ಮೊದಲೇ ಇನ್ನೊಂದು ಶುರುವಾಗಬೇಕು, ಅರ್ಧ ದಿನ ಸಪ್ಪಳ ನಿಲ್ಲಬಾರದು ಎಂದೆ. ಮೀಟರಿನ ಕಥೆಯನ್ನೂ ಹೇಳಿದೆ. ತಾಯವ್ವ ಪೂರ್ತಿ ಕೇಳಿದಳು.

“ಅಂದ್ರ ಇಷ್ಟ್ ದಿನ ಅವ್ರು ನಮ್ಮ ಕಣ್ಣಾಗ ಮಣ್ಣ ಹಾಕ್ಯಾರ?”

“ಹೂಂ ಯವ್ವಾ.”

“ಹಾಳಾಗಿ ಹೋಗ್ಲಿ ಅವ್ರು!” ಎಂದವಳೇ ಬೀದಿಗಿಳಿದು ಕೂಗು ಹಾಕಿದಳು. “ಏ ಬರ್ರೆ ಎಲ್ಲಾರೂ! ಮಿಕ್ಸಿ ತಗೊಂಡು ಅಕ್ಕೋರ ಮನಿಗೆ ಬರ್ರಿ!”

ಬಂದರು. ಮಿಕ್ಸಿಯನ್ನು ಕೂಸಿನಂತೆ ಎತ್ತಿಕೊಂಡು, ಡಬ್ಬಿಯಲ್ಲಿ ಹುರಿದ ಶೇಂಗಾ ಹಿಡಿದು ಸಾಲಾಗಿ ಬಂದರು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗಿನ ಕೋಣೆಯಲ್ಲಿ ನಾನು ಲೆಕ್ಕ ಹಚ್ಚಿದೆ, ಹೊರಗೆ ತಾಯವ್ವ ಮಣೆ ಹಾಕಿಕೊಂಡು ಕುಳಿತು ಸರದಿ ಹಚ್ಚಿದಳು. ಸುಟ್ಟ ವಾಸನೆ ಬಂದರೆ ಆ ಮಿಕ್ಸಿ ಕಟ್ಟೆಯ ಮೇಲೆ ಆರಲು ಹೋಗುತ್ತಿತ್ತು, ಮುಂದಿನದು ಆಗಲೇ ಹಚ್ಚಿರುತ್ತಿತ್ತು. ಬಳ್ಳೊಳ್ಳಿ, ಕೆಂಪುಖಾರದ ಘಾಟಿಗೆ ಎಲ್ಲರಿಗೂ ಸೀನು. ಕಾಲು ಗಂಟೆ ದಾಟಿತು, ಒಂದು ತಾಸು ದಾಟಿತು. ಪರದೆಯ ಮೇಲೆ ನಾಲೆಯ ನೀಲಿ ಗೆರೆ ಮೆಲ್ಲಗೆ ನಮ್ಮ ಓಣಿಯತ್ತ ತೆವಳುತ್ತಿತ್ತು.

ಮಧ್ಯಾಹ್ನವಾಯಿತು. ಲೆಕ್ಕ ಅರ್ಧಕ್ಕಿಂತ ಮುಂದೆ ಬಂದಿತ್ತು. ನಾನು ಗೆಲುವಿನ ಲಹರಿಯಲ್ಲಿದ್ದೆ. ಅಷ್ಟರಲ್ಲಿ ಹೊರಗೆ ಫಕ್ಕನೆ ಎಲ್ಲ ಸ್ತಬ್ಧ.

ಓಡಿ ಬಂದು ನೋಡಿದರೆ ಹೆಂಗಸರೆಲ್ಲ ಸೆರಗು ಹೊದ್ದು ಕೈಮುಗಿದು ನಿಂತಿದ್ದಾರೆ. ತಾಯವ್ವ ನಮ್ಮ ದೇವರ ಜಗಲಿಯ ಮುಂದೆ ಎಡೆ ಹಿಡಿದು ಕಣ್ಣು ಮುಚ್ಚಿದ್ದಾಳೆ. ನೈವೇದ್ಯದ ಹೊತ್ತಿಗೆ ಗದ್ದಲ ಮಾಡಬಾರದಲ್ಲ, ಎಲ್ಲರೂ ತಾವಾಗಿಯೇ ಸ್ವಿಚ್ಚು ಆರಿಸಿದ್ದರು. ಹುಟ್ಟಿದಾಗಿನಿಂದ ರೂಢಿ, ಯಾರಿಗೂ ಅದೊಂದು ಕೆಲಸ ಎಂದೇ ಅನಿಸಿರಲಿಲ್ಲ.

“ಹಚ್ಚರ್ರೇ! ಮೊದಲ ಹಚ್ಚರಿ!” ಎಂದು ಕೂಗಿದೆ. ಕಾಲು ಗಂಟೆಯ ಲೆಕ್ಕ ನನ್ನ ತಲೆಯಲ್ಲಿತ್ತು, ಇನ್ನೂ ಹೊತ್ತಿದೆ ಎಂದುಕೊಂಡೆ. ಇರಲಿಲ್ಲ. ಬೆಳಗಿನಿಂದ ದುಡಿಯುತ್ತಿದ್ದ ಯಂತ್ರದ ರಾಗ ಬಯಲಾಗಿ ಕೇಳಿದ್ದೇ ತಡ, ಮೀಟರು ಹೊಡೆದೇಬಿಟ್ಟಿತು. ಒಳಗೆ ಬಂದರೆ ಪರದೆ ಕಪ್ಪು.

ತಾಯವ್ವ ಎಡೆಯ ತಟ್ಟೆ ಕೆಳಗಿಟ್ಟು ಬಾಗಿಲಿಗೆ ಬಂದಳು. “ನಾ ಕೆಡಿಸಿದ್ನೇನವ್ವಾ?” ಎಂದಳು. ಆ ಮುದುಕಿ ಈ ಓಣಿಗೆ ಸೊಸೆಯಾಗಿ ಬಂದವಳು, ಹಡೆದದ್ದು ಇಲ್ಲಿ, ಗಂಡನನ್ನು ಕಳಿಸಿಕೊಟ್ಟದ್ದು ಇಲ್ಲಿಂದ. ನನಗೆ ಬಂದಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ.

“ಕೆಟ್ಟಿಲ್ಲ,” ಎಂದೆ. “ಮೊದಲಿಂದ ಹಚ್ಚೂಣು. ಸಂಜಿ ದೀಪದ ಹೊತ್ತಿಗೆ ಮುಗಿತೈತಿ.”

“ಶೇಂಗಾ ಎಲ್ಲಾ ಮುಗದಾವ್ರಿ,” ಎಂದಳು ಒಬ್ಬಳು.

“ಮುಗಿದ್ರ ಖಾಲಿ ತಿರುಗಸ್ರಿ!”

ಖಾಲಿ ತಿರುಗಿಸಬೇಕಾಗಲಿಲ್ಲ. ದಾವಲಸಾಬ ಹೆಗಲ ಮೇಲೆ ಅರ್ಧ ಚೀಲ ಜೋಳ ಹೊತ್ತು ಬಂದು ನಡುಮನೆಯಲ್ಲಿ ಸುರಿದ. “ಗಿರಣಿ ಬಂದ್ ಐತಿ, ಬೀಸೂದು ಬಂದ್ ಅಂದವ್ರ್ಯಾರು?” ಎಂದ. ಮಿಕ್ಸಿಗಳು ಜೋಳ ಕಡಿದವು, ನುಚ್ಚನ್ನು ಮತ್ತೆ ಹಿಟ್ಟು ಮಾಡಿದವು. ಎರಡು ಮಿಕ್ಸಿ ಸುಟ್ಟೇಹೋದವು. ಅವುಗಳ ಒಡತಿಯರು ಅಯ್ಯೋ ಎನ್ನಲಿಲ್ಲ, ಪಕ್ಕದವಳ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದರು. ಹೊತ್ತು ಮುಳುಗುವಾಗ ತಾಯವ್ವ ಎದ್ದು ದೀಪ ಹಚ್ಚಿದಳು. ಒಬ್ಬಾಕೆಯ ಕೈ ರೂಢಿಯಂತೆ ಸ್ವಿಚ್ಚಿನತ್ತ ಹೋಯಿತು.

“ಮುಟ್ಟಿ ಗಿಟ್ಟೀ!” ಎಂದು ತಾಯವ್ವ ಗುಡುಗಿದಳು. “ದೇವ್ರ ಮನೀನೂ ಇದ ಓಣ್ಯಾಗ ಐತಿ. ಇವತ್ತೊಂದಿನ ಗದ್ಲದಾಗ ಉಣ್ತಾನ ಅಂವ.”

ಆ ಹೊತ್ತಿಗೆ ನಿಯಂತ್ರಣ ಕೊಠಡಿಯಲ್ಲಿ ಏನಾಗುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಗಂಡ ಆಮೇಲೆ ಹೇಳಿದ್ದು. ಮೇಲ್ವಿಚಾರಕರು ಗೋಡೆಯ ಮುಂದೆ ನಿಂತು, “ಈ ಒಂದು ಮನೆಯಲ್ಲಿ ಬೆಳಗ್ಗೆಯಿಂದ ಏನ್ರೀ ಇದು ಇಷ್ಟು ಗಲಾಟೆ? ಚೆಕ್ ಮಾಡೋಕೆ ಜನ ಕಳಿಸ್ಲಾ?” ಎಂದು ಕೇಳಿದರಂತೆ. ಆ ಚುಕ್ಕಿ ಯಾರ ಮನೆಯದೆಂದು ನಮ್ಮವರಿಗೆ ಗೊತ್ತಿಲ್ಲವೇ?

“ಎಳ್ಳಮಾಸಿ ಸರ್,” ಎಂದರಂತೆ ನನ್ನ ಗಂಡ. “ಶೇಂಗಾ ಹಿಂಡಿ ಮಾಡಾಕತ್ತಾರ.”

“ಇಡೀ ದಿನಾನಾ?”

“ನಮ್ಮ ಕಡೆ ಹಿಂಡಿ ಸಣ್ಣಗ ಆಗಬೇಕ್ರಿ ಸರ್. ತರಿ ಉಳಿದ್ರ ಅತ್ತಿ ಬೈತಾಳ.”

ಮೂವತ್ತು ವರ್ಷದ ನೌಕರಿಯಲ್ಲಿ ಆ ಮನುಷ್ಯ ಹೇಳಿದ ಮೊದಲ ಸುಳ್ಳು ಅದು. ಅದರಲ್ಲೂ ಅರ್ಧ ನಿಜವೇ.

ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಲೆಕ್ಕ ಮುಗಿಯಿತು. ಪರದೆಯ ಮೇಲೆ ಪ್ರಾಧಿಕಾರದ ಮುದ್ರೆ ಬಿತ್ತು. ನಾನು ಹೊರಗೆ ಬಂದು ಕೈ ಎತ್ತಿದೆ. ಮಿಕ್ಸಿಗಳು ನಿಂತವು. ಆ ಮೌನಕ್ಕೆ ಕಿವಿ ಗುಂಯ್ ಎಂದಿತು. ಯಾರೋ ಒಬ್ಬಳು ಅತ್ತಳು, ಉಳಿದವರು ಅವಳನ್ನು ನೋಡಿ ನಕ್ಕರು.

ಮರುದಿನ ಪುರಭವನದಲ್ಲಿ ವಿಚಾರಣೆ. ಓಣಿಗೆ ಓಣಿಯೇ ಬಂದು ಕುಳಿತಿತ್ತು. ಪ್ರಾಧಿಕಾರದ ಆಯುಕ್ತರು ವೇದಿಕೆಯ ಮೇಲಿದ್ದರು, ಇಸ್ತ್ರಿ ಮುರಿಯದ ಅಂಗಿ, ಎದುರಿಗೆ ಮೈಕು. ಇಂದು ಯಾರ ಆಕ್ಷೇಪಣೆಯೂ ಇರಲಾರದು ಎಂಬಂತೆ ಆಗಲೇ ಕಡತ ಮಡಚುತ್ತಿದ್ದರು.

ನಾನು ನನ್ನ ಲೆಕ್ಕವನ್ನು ಪರದೆಯ ಮೇಲೆ ಹಾಕಿಸಿದೆ. ಸುಳ್ಳು ಹೇಳಲಿಲ್ಲ. “ನೀರು ನಮ್ಮ ಓಣಿಗೆ ಬರ್ತೈತ್ರಿ,” ಎಂದೆ. “ಆದ್ರ ಯಾಕ ಬರ್ತೈತಿ ನೋಡ್ರಿ. ನಾಲಾ ಹರಿಯೂ ದಾರಿಗೆ ಅಡ್ಡ ಲೆಕ್ಕಭವನದ ಹೊಸಾ ಕಂಪೌಂಡ್ ಗ್ವಾಡಿ ಐತಿ. ಗ್ವಾಡಿ ಇಟ್ಟು ಲೆಕ್ಕಾ ಮಾಡಿದ್ರ ನಾವು ಮುಳುಗ್ತೀವಿ. ಗ್ವಾಡಿಗೆ ಒಂದು ಕಿಂಡಿ ಬಿಟ್ಟು ಮಾಡಿದ್ರ ನೀರು ನಮ್ಮ ಹೊಸ್ತಿಲಾನೂ ಮುಟ್ಟೂದಿಲ್ಲ. ಎರಡೂ ಲೆಕ್ಕಾ ಒಂದ ಉಸುರಿನ್ಯಾಗ ಆಗ್ಯಾವು. ನಿಮ್ಮ ಗ್ವಾಡಿ ಸಲುವಾಗಿ ನಮ್ಮ ಓಣಿ ಯಾಕ ಏಳಬೇಕ್ರಿ?”

ಸಭೆಯಲ್ಲಿ ಗುಜುಗುಜು ಎದ್ದಿತು. ಆಯುಕ್ತರು ಲೆಕ್ಕವನ್ನು ನೋಡಲಿಲ್ಲ. ಕೆಳಗಿನ ಮುದ್ರೆಯನ್ನು ನೋಡಿದರು.

“ಇದನ್ನ ಎಲ್ಲಿ ಮಾಡಿಸಿದ್ರಿ?”

“ನಮ್ಮನ್ಯಾಗ್ರಿ.”

“ಸಾಧ್ಯವೇ ಇಲ್ಲ. ಎಲ್ಲಿಂದಲೋ ಕದ್ದು ತಂದಿದ್ದೀರಿ. ಇದನ್ನ ನಾನು ಒಪ್ಪಲ್ಲ.”

“ಮುದ್ರಿ ನಿಮ್ಮದ ಐತಲ್ರಿ.”

“ಮುದ್ರೆ ಇದ್ದರೆ ಇರಲಿ ಕಣಮ್ಮಾ!” ಅವರಿಗೆ ರೇಗಿತು. “ಮನೆ ಕಂಪ್ಯೂಟರಿನಲ್ಲಿ ಅರ್ಧ ದಿನದ ಲೆಕ್ಕ ಹೇಗೆ ನಡೆಯುತ್ತೆ? ಕಾಲು ಗಂಟೆ ಆದಮೇಲೆ ಅದು ನಿಲ್ಲಲೇಬೇಕು!”

ಮೈಕು ಆ ಮಾತನ್ನು ಪುರಭವನದ ಕೊನೆಯ ಸಾಲಿನ ತನಕ ಒಯ್ದಿತು. ಗುಜುಗುಜು ನಿಂತಿತು.

“ನಿಲ್ಲಲೇಬೇಕು ಅಂದ್ರ ಏನ್ರಿ ಸಾಹೇಬ್ರ?”

ಅವರು ನೀರಿನ ಗ್ಲಾಸಿಗೆ ಕೈ ಹಾಕಿದರು.

“ಧೂಳಿಗೆ ನಿಲ್ತಾವು ಅಂದ್ರಿ, ಒರಸಿದ್ವಿ. ಶಾಖಕ್ಕ ಅಂದ್ರಿ, ಗಾಳಿ ಹಾಕಿದ್ವಿ. ಹಳೇವು ಅಂದ್ರಿ, ಹೊಸಾವು ತಂದ್ವಿ. ನಿಲ್ಲಲೇಬೇಕು ಅಂತ ಯಾರೂ ನಮಗ ಹೇಳಿರಲಿಲ್ಲ. ಯಾಕ ನಿಲ್ಲಬೇಕ್ರಿ ಅವು? ಯಾರು ನಿಲ್ಲಸ್ತಾರ್ರಿ?”

ಆಯುಕ್ತರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಎದ್ದು, ಅದು ತಾಂತ್ರಿಕ ವಿಷಯ, ಅದಕ್ಕೆ ಉತ್ತರಿಸುವವರು ಇಲ್ಲಿ ಯಾರೂ ಇಲ್ಲ, ವಿಚಾರಣೆ ಮುಗಿಯಿತು ಎಂದರು.

“ನಾ ಅದೀನ್ರಿ.”

ಆ ದನಿ ಹಿಂದಿನಿಂದ ಬಂತು. ಎಷ್ಟು ಜೋರಾಗಿತ್ತೆಂದರೆ ಯಾರದೆಂದು ನನಗೇ ಗುರುತು ಸಿಗಲಿಲ್ಲ. ತಿರುಗಿ ನೋಡಿದೆ. ಕೊನೆಯ ಸಾಲಿನಲ್ಲಿ ನನ್ನ ಗಂಡ ನಿಂತಿದ್ದರು. ಕೆಲಸಕ್ಕೆ ಹೋಗುವ ಅಂಗಿ, ಕೊರಳಲ್ಲಿ ನಿಗಮದ ಗುರುತಿನ ಚೀಟಿ. ಓಣಿಯವರು ಕಾಲು ಸರಿಸಿ ದಾರಿ ಬಿಟ್ಟರು, ಅವರು ನಡೆದು ಬಂದು ನನ್ನ ಪಕ್ಕದಲ್ಲಿ ನಿಂತು ಮೈಕು ಹಿಡಿದರು.

“ಗುರುಪಾದಪ್ಪ ಕಂಠಿ. ಶಕ್ತಿ ನಿಗಮ, ನಿಯಂತ್ರಣ ಕೊಠಡಿ,” ಎಂದರು. “ಅವು ಯಾಕ ನಿಲ್ತಾವು ನಾ ಹೇಳ್ತೀನಿ. ಬರಕೋರಿ.”